ತಪ್ಪು ದಂಡೆಗೆ ಈಜಿದವನು

ಹೆಣವನ್ನು ನೀರಿನಿಂದ ಎಳೆದು ದಂಡೆಗೆ ಹಾಕಿದರೂ ಸೇತುವೆಯ ಮೇಲಿನ ಹೊಡೆದಾಟ ನಿಲ್ಲಲಿಲ್ಲ.

ನಿಲ್ಲುವುದಾದರೂ ಯಾಕೆ? ಮುಷ್ಟಿ ಸೇತುವೆಯ ಕಾಳಗದಲ್ಲಿ ಒಬ್ಬಿಬ್ಬರು ಸಾಯುವುದು ವೆನಿಸ್‌ನವರಿಗೆ ಹೊಸದಲ್ಲ. ಅಂಚಿನಲ್ಲಿ ತಡೆಗೋಡೆಯೇ ಇಲ್ಲದ ಕಲ್ಲುಸೇತುವೆ ಅದು. ಆ ದಂಡೆಯಿಂದ ಹಡಗು ಕಟ್ಟುವ ಅಂಗಳದ ಕೆಲಸಗಾರರು ನುಗ್ಗುತ್ತಾರೆ, ಅವರದು ಕೆಂಪು ಟೊಪ್ಪಿಗೆ. ಈ ದಂಡೆಯಿಂದ ಬೆಸ್ತರು, ಅವರದು ಕಪ್ಪು. ನಡುವೆ ಮುಷ್ಟಿ, ಮೊಣಕೈ, ಮುರಿದ ಮೂಗು. ಗೆದ್ದವರಿಗೆ ಸಿಗುವುದು ಒಂದು ಸೇತುವೆ, ಅದೂ ಮುಂದಿನ ಭಾನುವಾರದವರೆಗೆ ಮಾತ್ರ. ಅಷ್ಟಕ್ಕೆ ಈ ಜನ ಹಲ್ಲು ಉದುರಿಸಿಕೊಳ್ಳುತ್ತಾರೆ. ಶ್ರೀಮಂತರು ಸುತ್ತಲಿನ ಮನೆಗಳ ಕಿಟಕಿಗಳನ್ನು ಬಾಡಿಗೆಗೆ ಹಿಡಿದು ಕೂತು ಚಪ್ಪಾಳೆ ತಟ್ಟುತ್ತಾರೆ.

ದಫೇದಾರ ಬೊರ್ತೊಲೊ ಮಂಡಿಯೂರಿ ಹೆಣದ ಮುಖಕ್ಕೆ ಅಂಟಿದ್ದ ಕೂದಲನ್ನು ಸರಿಸಿದ.

ಗಾಸ್ಪರೊ. ಹಡಗಿನ ಹಲಗೆಗಳ ಸಂದಿಗೆ ಡಾಂಬರು ತುಂಬುವ ಕೆಲಸಗಾರ, ಬೊರ್ತೊಲೊನ ಬಾತ್ಮೀದಾರ. ದಕ್ಕೆಯಲ್ಲಿ ನಿಂತಿರುವ ಸಿಡಿಮದ್ದಿನ ಹಡಗಿಗೆ ಬೆಂಕಿಯಿಡಲು ನಡೆದಿದ್ದ ಪಿತೂರಿಯ ಮುಖಂಡ ಯಾರೆಂದು ಇಂದು ಕಾಳಗ ಮುಗಿಯುವುದರೊಳಗೆ ಹೇಳುತ್ತೇನೆಂದು ಮಾತು ಕೊಟ್ಟಿದ್ದವನು.

"ಹಾಳಾಗ್ ಹೋಗಲಿ!" ಬೊರ್ತೊಲೊ ಕಲ್ಲಿಗೆ ಗುದ್ದಿದ. ಗೆಣ್ಣಿನ ಚರ್ಮ ಕಿತ್ತುಬಂದರೂ ಅವನಿಗೆ ಗೊತ್ತಾಗಲಿಲ್ಲ.

ಅವನಿಗೆ ಆ ಹೆಸರು ಬೇಕಿತ್ತು. ಸರ್ಕಾರದ ಮೇಲಿನ ನಿಷ್ಠೆಯಿಂದಲ್ಲ, ಅದು ಅವನಲ್ಲಿ ಯಾವತ್ತೋ ಸವೆದುಹೋಗಿತ್ತು. ಪಿತೂರಿಯ ಬುಡ ಹಿಡಿದುಕೊಟ್ಟವನಿಗೆ ಅರಮನೆ ಚಿನ್ನಕ್ಕಿಂತ ದೊಡ್ಡದೊಂದನ್ನು ಕೊಡುತ್ತಿತ್ತು: ಬಿಡುಗಡೆ ಮಾತು. ಗಡಿಪಾರಾದ ಒಬ್ಬನ ಹೆಸರು ಹೇಳಿದರೆ ಸಾಕು, ಅವನು ಊರಿಗೆ ಬರಬಹುದು. ಬೊರ್ತೊಲೊ ಹೇಳಬೇಕೆಂದಿದ್ದದ್ದು ತಮ್ಮ ಮೆನೆಗೊನ ಹೆಸರನ್ನು. ಏಳು ವರ್ಷದ ಹಿಂದೆ ಹೆಂಡದಂಗಡಿಯ ಜಗಳದಲ್ಲಿ ದೊಡ್ಡವರೊಬ್ಬರ ಆಳಿನ ಕಣ್ಣು ಕಿತ್ತು ಗಡಿಪಾರಾದ ಹುಡುಗ. ಅಂದಿನಿಂದ ಅವರ ಮನೆಯಲ್ಲಿ ಯಾರೂ ಬಾಯ್ತುಂಬ ನಕ್ಕಿರಲಿಲ್ಲ.

ಬೆಳಿಗ್ಗೆ ಅರಮನೆಯ ಕಾರ್ಯದರ್ಶಿ ಬೊರ್ತೊಲೊನನ್ನು ಕರೆಸಿ ಹೇಳಿದ್ದರು: "ಸಂಜೆ ಪ್ರಾರ್ಥನೆಯ ಗಂಟೆ ಹೊಡೆಯುವ ಹೊತ್ತಿಗೆ ಕೆಂಪು ಟೊಪ್ಪಿಗೆಯವನೊಬ್ಬ ಡಾಂಬರಿನ ಬಕೆಟ್ ಹೊತ್ತು ದಕ್ಕೆಗೆ ಬರ್ತಾನೆ. ಬೆಂಕಿಯಿಡೋನು ಅವನೇ. ಹಡಗಿನ ಹತ್ತಿರ ಸುಳಿಯೋಕೆ ಬಿಡಬೇಡ." ಸುದ್ದಿ ಕೊಟ್ಟವನ ಗುರುತಾಗಿ ಅವರ ಬೆರಳ ಸಂದಿಯಲ್ಲಿ ಹರಿದ ಇಸ್ಪೀಟು ಎಲೆಯ ಅರ್ಧವಿತ್ತು. ಬಟ್ಟಲು ಹಿಡಿದ ರಾವುತನ ಎಲೆ. ರಾವುತನಿದ್ದ, ಕುದುರೆಯ ತಲೆ ಇರಲಿಲ್ಲ. ಕುದುರೆಯ ತಲೆ ತಂದು ಜೋಡಿಸಿದವನಿಗೆ ಬಹುಮಾನ.

ಬೊರ್ತೊಲೊ ನೇರವಾಗಿ ದಕ್ಕೆಗೆ ಹೋಗಿ ತನ್ನ ಪೇದೆಗಳನ್ನು ಕೋವಿ ಸಮೇತ ಮೂಟೆಗಳ ಹಿಂದೆ ಕೂರಿಸಿದ್ದ. "ಕೆಂಪು ಟೊಪ್ಪಿಗೆ, ಕೈಯಲ್ಲಿ ಡಾಂಬರಿನ ಬಕೆಟ್. ಕಂಡ ಕೂಡಲೇ ಹೊಡೀರಿ, ಜೊತೆಗೆ ಯಾರಿದ್ರೂ ಬಿಡಬೇಡಿ. ಹೆಸರು ಕೇಳ್ತಾ ಕೂತ್ಕೋಬೇಡಿ. ಮದ್ದಿನ ಹಡಗು ಪಕ್ಕದಲ್ಲೇ ಇದೆ, ಸುಮ್ಮನೆ ಗುಂಡು ಹಾರಿಸಬೇಡಿ. ಒಬ್ಬನಿಗೆ ಒಂದೇ ಗುಂಡು." ಬೆಂಕಿಯಿಡುವವನು ಬರಿಯ ಕೈ, ತಲೆ ಬೇರೆ ಇದೆ ಎಂದು ಅವನ ಲೆಕ್ಕಾಚಾರ. ಆ ತಲೆಯ ಹೆಸರನ್ನು ಗಾಸ್ಪರೊ ಹೇಳಬೇಕಿತ್ತು.

ಈಗ ಗಾಸ್ಪರೊ ಬಾಯಿ ತೆರೆದುಕೊಂಡು ಆಕಾಶ ನೋಡುತ್ತಿದ್ದ.

ಬೊರ್ತೊಲೊ ಅವನ ಅಂಗಿ ಹರಿದು ನೋಡಿದ. ಎಡ ಕಂಕುಳ ಕೆಳಗೆ ಒಂದು ತೂತು. ಚಾಕುವಿನ ಗಾಯ ಸೀಳಿದಂತಿರುತ್ತದೆ. ಇದು ದುಂಡಗಿತ್ತು, ಗೋಣಿ ಹೊಲಿಯುವ ದಬ್ಬಳ ಚುಚ್ಚಿದ ಹಾಗೆ, ಆದರೆ ಹೆಬ್ಬೆರಳಿನಷ್ಟು ದಪ್ಪ. ಕಿರುಬೆರಳು ತೂರಿಸಿ ತೆಗೆದ. ರಕ್ತದ ಜೊತೆ ಕಪ್ಪಗೆ ಅಂಟಂಟಾದದ್ದು ಬಂತು. ಮೂಸಿದ. ಡಾಂಬರು, ಅದರಲ್ಲಿ ಒಂದೆರಡು ಸೆಣಬಿನ ಎಳೆ.

ಕಾಳಗಕ್ಕೆ ಇಳಿಯುವವರ ಮೈಯನ್ನು ಆಯಾ ಪಂಗಡದ ಯಜಮಾನ ತಡವಿ ನೋಡಿಯೇ ಬಿಡುತ್ತಾನೆ. ಕಬ್ಬಿಣ ಸಿಕ್ಕಿದವನನ್ನು ಅವನ ಪಂಗಡದವರೇ ಬಡಿದು ಕಾಲುವೆಗೆ ಎಸೆಯುತ್ತಾರೆ. ಹಾಗಿರುವಾಗ ಈ ದಬ್ಬಳ ಬಂದದ್ದು ಎಲ್ಲಿಂದ?

"ಪಕ್ಕೆ ಮೂಳೆ ಮುರಿದಿದೆ. ಬೆರಳು ಜಜ್ಜಿಹೋಗಿದೆ. ಇದನ್ನ ಯಾರು ಮಾಡಿದ್ದು?" ಅವನು ಸುತ್ತ ನಿಂತಿದ್ದ ಬೆಸ್ತರನ್ನು ಕೇಳಿದ.

ಒಬ್ಬ ತನ್ನ ಕೈಯಲ್ಲಿದ್ದ ಹುಟ್ಟನ್ನು ಮೆಲ್ಲಗೆ ಬೆನ್ನ ಹಿಂದೆ ಸರಿಸಿದ.

*

ಉತ್ತರ ಕೊಟ್ಟವಳು ಬೊರ್ತೊಲೊನ ತಾಯಿ ಮಾಲ್ಗರಿತಾ. ಸೇತುವೆಯ ಬುಡದಲ್ಲಿ ಬಾಣಲೆ ಇಟ್ಟುಕೊಂಡು ಮೀನು ಕರಿಯುವ ಮುದುಕಿ. ಮಕ್ಕಳು ಹೊಡೆದಾಡಿ ಸತ್ತರೂ ಎಣ್ಣೆ ಸೀಯಲು ಬಿಡುವವಳಲ್ಲ.

"ಅವ್ವ, ಇವನು ಸೇತುವೆ ಮೇಲಿಂದ ಬಿದ್ದಿದ್ದು ನೋಡಿದ್ಯಾ?"

"ಬಿದ್ದ ಅಂತ ಯಾವ ಕುರುಡ ಹೇಳ್ದ? ಅವನು ಸೇತುವೆ ಹತ್ತೇ ಇಲ್ಲ ಕಣೋ. ಆ ದಂಡೇಲಿ ನಿಂತಿದ್ದ. ಯಾರೋ ದೋಣಿ ಕೊಟ್ಟಿಗೆ ಒಳಕ್ಕೆ ಕರೆದ್ರು, ಹೋದ. ಒಂದು ಗಳಿಗೆಗೆ ಪಕ್ಕೆ ಹಿಡ್ಕೊಂಡು ಓಡಿ ಬಂದು ತಾನೇ ನೀರಿಗೆ ಧುಮುಕ್ದ. ಸೀದಾ ನಮ್ಮ ಕಡೆಗೇ ಈಜ್ಕೊಂಡು ಬಂದ."

"ನಮ್ಮ ಕಡೆಗಾ?"

"ಹೂಂ ಮತ್ತೆ. ಕೆಂಪು ಟೊಪ್ಪಿಗೆ ನಮ್ಮ ದಂಡೆ ಮೆಟ್ಟಿಲಿಗೆ ಕೈ ಹಾಕಿದ್ರೆ ನಮ್ಮ ಗಂಡಸರು ಮುತ್ತು ಕೊಡ್ತಾರಾ? ಬೆರಳು ತುಳಿದ್ರು. ಹುಟ್ಟಲ್ಲಿ ಹೊಡೆದ್ರು. ಅವನು ಏನೋ ಕೂಗ್ತಾನೇ ಇದ್ದ. ಈ ಗಲಾಟೇಲಿ ಯಾರಿಗೆ ಕೇಳ್ಸುತ್ತೆ? ಮೂರ್ನಾಲ್ಕು ಸಲ ಹತ್ತಿದ, ಮೂರ್ನಾಲ್ಕು ಸಲ ಒದ್ದು ಕೆಡವಿದ್ರು." ಅವಳು ಮೀನು ಮಗುಚಿದಳು. "ಪಾಪದೋನು."

ನೀರಿಗೆ ಬಿದ್ದವನು ಸಾಯುವ ಸ್ಥಿತಿಯಲ್ಲಿದ್ದರೂ ತನ್ನ ದಂಡೆಗೇ ಈಜುತ್ತಾನೆ. ಎದುರಾಳಿಯ ದಂಡೆಗೆ ಹೋದರೆ ಏನಾಗುತ್ತದೆಂದು ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬನಿಗೂ ಗೊತ್ತು. ಗಾಸ್ಪರೊಗೂ ಗೊತ್ತಿತ್ತು. ಗೊತ್ತಿದ್ದೂ ಇತ್ತಲೇ ಬಂದನೆಂದರೆ ಅವನನ್ನು ಚುಚ್ಚಿದವನು ಅವನ ದಂಡೆಯಲ್ಲೇ ಇದ್ದಾನೆ. ಗಾಸ್ಪರೊ ಬೆಸ್ತರ ಹತ್ತಿರ ಬರುತ್ತಿರಲಿಲ್ಲ. ಬೊರ್ತೊಲೊನ ಹತ್ತಿರ ಬರುತ್ತಿದ್ದ. ಅವನನ್ನು ಒದ್ದು ಸಾಯಿಸಿದವರು ಬೊರ್ತೊಲೊನ ಕೇರಿಯವರೇ, ಸೋದರಮಾವನ ಮಕ್ಕಳೇ.

ಕೆಂಪು ದಂಡೆಯಲ್ಲಿ ಎಲ್ಲರ ಮೈ ತಡವುವವನು ಒಬ್ಬ. ಅವನ ಮೈಯನ್ನು ತಡವುವವರು ಯಾರೂ ಇಲ್ಲ. ಹಡಗು ಕಟ್ಟುವ ಅಂಗಳದಲ್ಲಿ ಹಗ್ಗ ಹೊಸೆಸುವ ಮೇಸ್ತ್ರಿ, ಕೆಂಪು ಟೊಪ್ಪಿಗೆಯವರ ಯಜಮಾನ ವೆತ್ತೋರ್. ಹುರಿ ಬಿಚ್ಚುವ ದಪ್ಪ ದಬ್ಬಳ ಸದಾ ಅವನ ಸೊಂಟದಲ್ಲಿರುತ್ತದೆ.

ಹಸಿವಿಗೋ ಸಿಟ್ಟಿಗೋ, ಬೊರ್ತೊಲೊನ ಕೈ ತಾಯಿಯ ಪಕ್ಕದಲ್ಲಿದ್ದ ಮಡಕೆಯ ಮುಚ್ಚಳಕ್ಕೆ ಹೋಯಿತು. ಈರುಳ್ಳಿ, ಹುಳಿದ್ರಾಕ್ಷಾರಸ, ಒಣದ್ರಾಕ್ಷಿ ಹಾಕಿ ನೆನೆಸಿದ ಹುಳಿಮೀನು. ಎಷ್ಟೋ ವರ್ಷದಿಂದ ಆ ಮನೆಯಲ್ಲಿ ಮಾಡದಿದ್ದದ್ದು.

ಅವಳು ಸೌಟಿನಿಂದ ಅವನ ಕೈಗೆ ಪಟ್ಟೆಂದು ಹೊಡೆದಳು. "ಮುಟ್ಟಬ್ಯಾಡ. ಅದು ನಿಂಗಲ್ಲ."

"ಮತ್ಯಾರಿಗೆ?"

"ಯಾರಿಗೋ. ನೀನು ನಿನ್ನ ಹೆಣ ನೋಡ್ಕೋ ಹೋಗು." ಹಾಗೆನ್ನುತ್ತ ಮುದುಕಿ ನಕ್ಕಳು. ಅವಳು ನಗುವುದನ್ನು ಕಂಡು ಬೊರ್ತೊಲೊಗೆ ಆಶ್ಚರ್ಯವಾಯಿತು, ಆದರೆ ಆಗ ಅವನಿಗೆ ಕೇಳುವಷ್ಟು ಪುರುಸೊತ್ತಿರಲಿಲ್ಲ.

*

ಕಾಲುವೆಯಲ್ಲಿ ನೋಡಲು ಬಂದವರ ದೋಣಿಗಳು ಒಂದಕ್ಕೊಂದು ಒತ್ತಿಕೊಂಡು ನಿಂತಿದ್ದವು. ಬೊರ್ತೊಲೊ ದೋಣಿಯಿಂದ ದೋಣಿಗೆ ಕಾಲಿಡುತ್ತ, ಬೈಸಿಕೊಳ್ಳುತ್ತ, ಕೆಂಪು ದಂಡೆ ಹತ್ತಿದ. ದಾರಿಯಲ್ಲಿ ಒಬ್ಬ ಕುತ್ತಿಗೆಗೆ ಗುದ್ದಿದ, ಇನ್ನೊಬ್ಬ ಉಗಿದ. ದೋಣಿ ಕೊಟ್ಟಿಗೆಯ ಬಾಗಿಲನ್ನು ಅವನು ಒದ್ದು ತೆರೆದ.

ಮಗುಚಿಟ್ಟ ದೋಣಿಯೊಂದರ ಮೇಲೆ ವೆತ್ತೋರ್ ಒಬ್ಬನೇ ಕೂತಿದ್ದ. ಅರವತ್ತು ದಾಟಿದ ದೈತ್ಯ, ಯಾವುದೋ ಕಾಲದ ಕಾಳಗದಲ್ಲಿ ಅರ್ಧ ಕಿವಿ ಕಳೆದುಕೊಂಡವನು. ಹರಕು ಬಟ್ಟೆಯಿಂದ ಕೈ ಒರೆಸಿಕೊಳ್ಳುತ್ತಿದ್ದ.

"ಬಾರಪ್ಪಾ ದಫೇದಾರ. ಬೆಸ್ತರ ಮಗ ನಮ್ಮ ದಂಡೆಗೆ ಬಂದಿದೀಯ, ಚರ್ಮ ನೆಟ್ಟಗಿದ್ಯಲ್ಲ!"

"ದಾರೀಲಿ ಎರಡು ಬಿತ್ತು ಯಜಮಾನ್ರೇ. ವಾಪಸ್ ಕೊಟ್ಟೇ ಬಂದೆ."

"ಭಲೇ. ಏನು ಬೇಕಿತ್ತು?"

"ನಿಮ್ಮ ದಬ್ಬಳ ನೋಡಬೇಕಿತ್ತು."

ವೆತ್ತೋರ್ ಒರೆಸುವುದನ್ನು ನಿಲ್ಲಿಸಿದ. "ದಬ್ಬಳದಲ್ಲಿ ನೋಡೋಕೇನಿದೆ?"

"ಗಾಸ್ಪರೊನ ಕಂಕುಳಲ್ಲಿ ಒಂದು ತೂತಿದೆ. ಅದಕ್ಕೆ ಸರಿಯಾಗಿ ಕೂರುತ್ತಾ ಅಂತ."

"ಗಾಸ್ಪರೊನ ನಿಮ್ಮ ಬೆಸ್ತರೇ ಒದ್ದು ಕೊಂದ್ರಲ್ಲ ಮಗಾ. ಇಡೀ ಊರು ನೋಡಿದೆ."

"ಅವನು ಒದೆಸ್ಕೊಳೋಕೆ ಯಾಕೆ ಬಂದ ಅಂತ ಊರು ಕೇಳಿಲ್ಲ. ನಾನು ಕೇಳ್ತಿದೀನಿ."

ಮುದುಕನ ಕೈ ಅಷ್ಟು ಚುರುಕಾಗಿರಬಹುದೆಂದು ಬೊರ್ತೊಲೊ ಎಣಿಸಿರಲಿಲ್ಲ. ದಬ್ಬಳ ಕೆಳಗಿನಿಂದ ಮೇಲಕ್ಕೆ ಬಂತು, ಅದೇ ಕಂಕುಳಿಗೆ ಗುರಿಯಿಟ್ಟು. ಅವನು ಮೈ ತಿರುಗಿಸಿದ. ಮೊನೆ ತೋಳಿನ ಮಾಂಸ ಕೊರೆದುಕೊಂಡು ಹೋಯಿತು. ನೋವಿಗೆ ಕಣ್ಣು ಕತ್ತಲೆ ಬಂದರೂ ಅವನು ಹಿಂದೆ ಸರಿಯದೆ ಹಣೆಯಿಂದ ವೆತ್ತೋರನ ಮೂಗಿಗೆ ಗುದ್ದಿದ. ಮೂಳೆ ಲಟಕ್ಕೆಂದಿತು. ಇಬ್ಬರೂ ಸೆಣಬಿನ ಕಂತೆಗಳ ಮೇಲೆ ಉರುಳಿದರು. ವೆತ್ತೋರ್ ಅವನ ಕುತ್ತಿಗೆ ಹಿಸುಕಿದ. ಬೊರ್ತೊಲೊ ಆ ಹೆಬ್ಬೆರಳನ್ನು ಹಲ್ಲಿನಿಂದ ಕಚ್ಚಿ ಹಿಡಿದ, ಬಾಯಿಗೆ ರಕ್ತ ಬರುವವರೆಗೆ ಬಿಡಲಿಲ್ಲ. ದಬ್ಬಳ ಜಾರಿತು. ಅದನ್ನು ಎತ್ತಿಕೊಂಡವನೇ ವೆತ್ತೋರನ ಬಲ ಅಂಗೈಯನ್ನು ದೋಣಿಯ ಹಲಗೆಗೆ ಅದುಮಿ, ದಬ್ಬಳದ ಮೊನೆಯನ್ನು ಅದರ ಮೇಲಿಟ್ಟು, ಪಕ್ಕದಲ್ಲಿದ್ದ ಮರದ ಕೊಡತಿಯಿಂದ ಒಂದೇ ಏಟು ಹಾಕಿದ.

ಮುದುಕನ ಕೂಗು ಹೊರಗಿನ ಗದ್ದಲದಲ್ಲಿ ಮುಳುಗಿಹೋಯಿತು. ಹಲಗೆಗೆ ಅಂಟಿದ ಕೈಯನ್ನು ನೋಡಿಕೊಳ್ಳುತ್ತ ಅವನು ಕುಸಿದ. ಅಂಗಿಯ ಗುಂಡಿ ಕಿತ್ತು ಎದೆಯಿಂದ ಏನೋ ನೆಲಕ್ಕೆ ಬಿತ್ತು.

ಹರಿದ ಇಸ್ಪೀಟು ಎಲೆ. ಅದರಲ್ಲೊಂದು ಕುದುರೆಯ ತಲೆ.

ಬೊರ್ತೊಲೊ ಅದನ್ನು ಎತ್ತಿಕೊಂಡು ಮತ್ತೆ ಮತ್ತೆ ನೋಡಿದ. "ಇದು ನಿಮ್ಮ ಹತ್ರ ಹೇಗೆ? ಬೆಳಿಗ್ಗೆ ಅರಮನೆಗೆ ಸುದ್ದಿ ಕೊಟ್ಟಿದ್ದು..."

"ನಾನೇ." ವೆತ್ತೋರ್ ರಕ್ತ ಉಗಿದ. "ಈಗ ಗೊತ್ತಾಯ್ತಾ ಯಾರ ಕೈಗೆ ಮೊಳೆ ಹೊಡೆದಿದೀಯ ಅಂತ? ನಾನು ಅರಮನೆಯ ಬಾತ್ಮೀದಾರ. ನಾಳೆ ನಿನ್ನನ್ನ ನೇಣಿಗೆ ಹಾಕ್ತಾರೆ."

"ನೀವು ಹಿಡಿದುಕೊಟ್ಟೋರಾದ್ರೆ ಪಿತೂರಿ ಮಾಡಿದೋರು ಯಾರು?"

"ಯಾವ ಪಿತೂರಿ?" ಮುದುಕ ನೋವಿನಲ್ಲೂ ನಕ್ಕ. "ಪಿತೂರಿ ತೋರಿಸಿದೋನಿಗೆ ಬಿಡುಗಡೆ ಮಾತು ಅಂತ ಡಂಗುರ ಹೊಡೆಸಿದ್ರು. ನಾನೂ ಹುಡುಕಿದೆ ಕಣಪ್ಪ. ಪರದೇಶದ ರಾಯಭಾರಿ ಮನೆ ಅಡುಗೆಯೋನ ಹತ್ರಾನೂ ವಿಚಾರಿಸ್ದೆ. ಎಲ್ಲೂ ಒಂದೂ ಸಿಗ್ಲಿಲ್ಲ. ಕೊನೆಗೆ ನಾನೇ ಒಂದು ಹೊಸೆದೆ. ಹಗ್ಗ ಹೊಸೆಯೋನಿಗೆ ಇದೇನು ಮಹಾ?"

"ಗಾಸ್ಪರೊಗೆ ಅದು ಗೊತ್ತಾಯ್ತು."

"ಬಕೆಟ್‌ಗೆ ಡಾಂಬರು ಕೇಳಿದ್ದು ಅವನ ಹತ್ರಾನೇ. ತಳದಲ್ಲಿ ಮದ್ದು, ಮೇಲೆ ಡಾಂಬರು. ಅವನ ಕಣ್ಣಿಗೆ ಬಿದ್ದುಬಿಡ್ತು." ವೆತ್ತೋರನ ದನಿ ಸಣ್ಣದಾಯಿತು. "ನನ್ನ ಆಂಜೊಲೊ ಗಡಿಯಾಚೆ ಜೌಗಲ್ಲಿ ಚಳಿಜ್ವರ ಹಿಡಿದು ಬಿದ್ದಿದಾನೆ ಕಣೋ. ಇನ್ನೊಂದು ಚಳಿಗಾಲ ಅವನು ಉಳಿಯಲ್ಲ. ನನಗಿರೋದು ಅವನೊಬ್ಬನೇ. ನೀನಾಗಿದ್ರೆ ಏನು ಮಾಡ್ತಿದ್ದೆ?"

ತಾನೂ ಅದೇ ಬಹುಮಾನಕ್ಕೆ ಬಾಯಿ ತೆರೆದು ನಿಂತವನೆಂದು ನೆನೆದು ಬೊರ್ತೊಲೊಗೆ ತನ್ನ ಮೇಲೇ ಹೇಸಿಗೆಯಾಯಿತು. ಮರುಕ್ಷಣ ಇನ್ನೊಂದು ಹೊಳೆಯಿತು. ಪಿತೂರಿ ಸುಳ್ಳಾದರೂ ದಕ್ಕೆಯಲ್ಲಿ ಕೂತಿರುವ ಕೋವಿಗಳು ಸುಳ್ಳಲ್ಲ.

"ಬಕೆಟ್ ಹೊತ್ತು ಬರೋನು ಯಾರು?"

ವೆತ್ತೋರ್ ಮುಖ ತಿರುಗಿಸಿದ. ಅಷ್ಟರಲ್ಲಿ ಹೊರಗೆ ಸಂಜೆ ಪ್ರಾರ್ಥನೆಯ ಮೊದಲ ಗಂಟೆ ಬಡಿಯಿತು. ಮುದುಕ ಅದನ್ನು ಕೇಳಿ ಕಣ್ಣು ಮುಚ್ಚಿದ, ಭಾರ ಇಳಿಸಿದವನಂತೆ.

ಬೊರ್ತೊಲೊ ದಬ್ಬಳದ ಹಿಡಿಯನ್ನು ಹಿಡಿದು ತಿರುಚಿದ. "ಯಾರು ಹೇಳೋ ಮುದಿಯ!"

"ಬೇಡ... ಬಿಡು... ಗಡಿಪಾರಾದೋನೇ ಬೇಕಿತ್ತು! ಊರೊಳಗೆ ಸಿಕ್ಕಿದ್ರೆ ಯಾರು ಬೇಕಾದ್ರೂ ಕೊಲ್ಲಬಹುದು, ಆಮೇಲೆ ಕೇಳೋರಿಲ್ಲ. ಹಡಗಿನ ಬಿರುಕಿಗೆ ಡಾಂಬರು ಹಾಕೋ ಕೆಲಸ, ಯುದ್ಧದ ಹಡಗಿಗೆ ದುಡಿದ್ರೆ ಸರ್ಕಾರ ಕ್ಷಮಿಸುತ್ತೆ ಅಂತ ಹೇಳಿ ಕರೆಸ್ದೆ. ನಂಬಿದ. ಅವನಿಗೆ ಏನೂ ಗೊತ್ತಿಲ್ಲ."

"ಹೆಸರು!"

"ಕಪ್ಪು ಟೊಪ್ಪಿಗೆ ಕೇರಿಯೋನು. ಕೆಂಪು ಟೊಪ್ಪಿಗೆ ಹಾಕ್ಕೋ ಅಂದಿದ್ದಕ್ಕೆ ಅತ್ತುಬಿಟ್ಟ, ನಮ್ಮಣ್ಣ ನೋಡಿದ್ರೆ ಏನಂತಾನೆ ಅಂತ." ವೆತ್ತೋರ್ ಕಣ್ಣು ತೆರೆದು ಬೊರ್ತೊಲೊನನ್ನೇ ನೋಡಿದ. "ಮೆನೆಗೊ. ನಿನ್ನ ತಮ್ಮ."

ಬೊರ್ತೊಲೊನ ಕೈ ದಬ್ಬಳದಿಂದ ಜಾರಿತು.

"ಬೇಕಂತಲೇ ಅವನನ್ನೇ ಆರಿಸ್ದೆ. ನಿನ್ನ ಪೇದೆಗಳ ಕೈಲೇ ಹೊಡೆಸಿದ್ರೆ ತಮ್ಮನ್ನ ನೀನೇ ಕೊಂದ ಹಾಗಾಗುತ್ತೆ, ಸಾಯೋವರೆಗೂ ಬಾಯಿ ಬಿಡಲ್ಲ ಅಂತ. ಹೋಗು, ಓಡು. ಗಂಟೆ ಹೊಡೀತಿದೆ."

*

ದಕ್ಕೆ ಇದ್ದದ್ದು ಕಪ್ಪು ದಂಡೆಯ ಆಚೆ. ದೋಣಿಗಳು ಈಗ ಅಲುಗದಂತೆ ಸಿಕ್ಕಿಕೊಂಡಿದ್ದವು, ಅವುಗಳ ಮೇಲೂ ಜನ ಹೊಡೆದಾಡುತ್ತಿದ್ದರು. ಉಳಿದ ದಾರಿ ಒಂದೇ, ಸೇತುವೆ. ಕೆಂಪು ಟೊಪ್ಪಿಗೆಯವರ ಸಾಲನ್ನು ಹಿಂದಿನಿಂದ ಸೀಳಿಕೊಂಡು ಹೋಗಬೇಕು. ಬೊರ್ತೊಲೊ ನೆಲದಲ್ಲಿ ಬಿದ್ದಿದ್ದ ಟೊಪ್ಪಿಗೆಯೊಂದನ್ನು ಎತ್ತಿ ತಲೆಗೆ ಹಾಕಿಕೊಂಡ. ಹುಟ್ಟಿದಂದಿನಿಂದ ಅವನು ಮುಟ್ಟದ ಬಣ್ಣ ಅದು.

"ದಾರಿ ಬಿಡ್ರೋ! ದಾರಿ!"

ಹೊಸ ಕಟ್ಟಾಳು ಬಂದನೆಂದುಕೊಂಡು ಅವರೇ ಅವನನ್ನು ಮುಂದಕ್ಕೆ ತಳ್ಳಿದರು. ಸೇತುವೆಯ ನೆತ್ತಿಯಲ್ಲಿ ಕಲ್ಲು ರಕ್ತಕ್ಕೆ ಜಾರುತ್ತಿತ್ತು. ಎದುರಿಗೆ ಅವನ ಕೇರಿಯ ಹುಡುಗರು, ಅವನ ಜೊತೆ ಬಲೆ ಎಳೆದವರು. ಅವರ ಕಣ್ಣಿಗೆ ಬಿದ್ದದ್ದು ಟೊಪ್ಪಿಗೆ ಮಾತ್ರ.

ಮೊದಲ ಮುಷ್ಟಿ ಬಾಯಿಗೆ ಬಿತ್ತು. ಎರಡು ಹಲ್ಲು ನಾಲಿಗೆಯ ಮೇಲೆ ಉರುಳಿದವು. "ನಾನು ಕಣ್ರೋ..." ಎನ್ನುವಷ್ಟರಲ್ಲಿ ಎರಡನೆಯದು ಹೊಟ್ಟೆಗೆ ಬಿತ್ತು. ಅವನೂ ಹೊಡೆದ, ಯಾರ ದವಡೆಯೋ ಕೈಕೆಳಗೆ ಪಕ್ಕಕ್ಕೆ ಸರಿಯಿತು. ಗಂಟೆ ಹೊಡೆಯುತ್ತಲೇ ಇತ್ತು. ಅವನು ತಲೆ ತಗ್ಗಿಸಿ ಗೂಳಿಯಂತೆ ನುಗ್ಗಿದ. ಯಾರೋ ಕಾಲು ಅಡ್ಡ ಕೊಟ್ಟರು. ಸೇತುವೆಯ ಅಂಚು ತಪ್ಪಿತು.

ಕಾಲುವೆಯ ಕೊಳಕು ನೀರು ಮೂಗು ಬಾಯಿಗೆ ನುಗ್ಗಿತು. ತೂತಾದ ತೋಳು ಏಳಲಿಲ್ಲ. ಒಂದೇ ಕೈಯಲ್ಲಿ ಬಡಿದುಕೊಂಡು ಮೆಟ್ಟಿಲು ಹಿಡಿದ.

ಬೂಟುಗಾಲೊಂದು ಬೆರಳುಗಳ ಮೇಲೆ ಇಳಿಯಿತು.

"ಇನ್ನೊಬ್ಬ ಬಂದ ನೋಡ್ರೋ! ಇವತ್ತು ಕೆಂಪು ಮೀನು ತಾವಾಗೇ ಹತ್ತಿ ಬರ್ತಾವೆ!"

ಹುಟ್ಟು ಬೆನ್ನಿಗೆ ಬಿತ್ತು. ಅವನು ನೀರೊಳಗೆ ಹೋದ, ಮತ್ತೆ ಎದ್ದ. ಮತ್ತೆ ಮೆಟ್ಟಿಲು, ಮತ್ತೆ ಬೂಟು. ಗಾಸ್ಪರೊ ಏನು ಕೂಗಿರಬಹುದೆಂದು ಆಗ ಅವನಿಗೆ ಅರ್ಥವಾಯಿತು. ಗಂಟಲು ಹರಿಯುವಂತೆ ಕೂಗಿದ.

"ಬೊರ್ತೊಲೊ ಕಣ್ರೋ! ಮಾಲ್ಗರಿತಾ ಮಗ! ಬೊರ್ತೊಲೊ!"

ಹುಟ್ಟು ಗಾಳಿಯಲ್ಲೇ ನಿಂತಿತು. "ಅಯ್ಯಯ್ಯೋ, ನಮ್ಮ ದಫೇದಾರ! ಎಳೀರೋ, ಎಳೀರಿ!" ಒದ್ದ ಕೈಕಾಲುಗಳೇ ಅವನನ್ನು ಮೇಲಕ್ಕೆಳೆದು ಕೂರಿಸಿದವು. "ನಿನ್ನ ತಲೆ ಮೇಲೆ ಇದ್ಯಾವ ಕರ್ಮ ಅಣ್ಣ? ನಮಗೆ ಗೊತ್ತಾಗ್ಲಿಲ್ಲ..."

ಅವನು ಅವರನ್ನು ತಳ್ಳಿ ಎದ್ದ. ದಕ್ಕೆಯ ಓಣಿ ಇದ್ದದ್ದು ತಾಯಿಯ ಬಾಣಲೆಯ ಪಕ್ಕದಲ್ಲೇ. ಅವಳಿಗೆ ಹೇಳಬೇಕು, ಕೂಗಿಸಬೇಕು, ಯಾರನ್ನಾದರೂ ಓಡಿಸಬೇಕು.

ಬಾಣಲೆಯಲ್ಲಿ ಮೀನು ಕರಿಹಿಡಿದು ಹೊಗೆಯಾಡುತ್ತಿತ್ತು. ಅವಳಿರಲಿಲ್ಲ. ಪಕ್ಕದಲ್ಲಿದ್ದ ಹುಳಿಮೀನಿನ ಮಡಕೆಯೂ ಇರಲಿಲ್ಲ.

ಹುಳಿಮೀನು. ಅದನ್ನು ಬೇಡಿ ಬೇಡಿ ತಿನ್ನುತ್ತಿದ್ದವನು ಆ ಮನೆಯಲ್ಲಿ ಒಬ್ಬನೇ.

"ಅವ್ವ ಎಲ್ಲಿ?" ಅವನ ದನಿ ಅವನಿಗೇ ಗುರುತು ಸಿಗಲಿಲ್ಲ.

"ಗಂಟೆ ಹೊಡೆಯೋಕೆ ಶುರುವಾದಾಗ ಎದ್ದು ದಕ್ಕೆ ಕಡೆ ಹೋದ್ಲಪ್ಪ," ಹುಟ್ಟು ಹಿಡಿದವನು ತಡವರಿಸಿದ. "ಹುಡುಗ ಹಸ್ಕೊಂಡಿರ್ತಾನೆ, ಕೆಲಸಕ್ಕೆ ಇಳಿಯೋಕೆ ಮುಂಚೆ ಒಂದು ತುತ್ತು ತಿನ್ನಿಸಿ ಬತ್ತೀನಿ ಅಂದ್ಲು. ದೊಡ್ಡೋನಿಗೆ ಮಾತ್ರ ಹೇಳಬ್ಯಾಡಿ, ಅವನು ಸರ್ಕಾರದೋನು ಅಂದ್ಲು."

ಬೊರ್ತೊಲೊ ಓಣಿಯತ್ತ ಓಡಿದ. ಗಂಟೆ ನಿಂತಿತು.

ದಕ್ಕೆಯ ಕಡೆಯಿಂದ ಕೋವಿಯ ಸದ್ದು ಕೇಳಿಸಿತು.

ಒಬ್ಬನಿಗೆ ಒಂದೇ ಗುಂಡು ಎಂದು ಹೇಳಿ ಬಂದಿದ್ದವನು ಅವನೇ. ಅವನ ಪೇದೆಗಳು ಅವನ ಮಾತು ಮೀರುವವರಲ್ಲ.

ಎರಡನೆಯ ಸದ್ದು ಕೇಳಿಸಿತು.